ಬುತ್ತಿ ಕೆಡದಷ್ಟು ದೂರ

ಶೇಂಗಾ ತಿಂದು ಮುಗಿಸಿದ ಮೇಲೆ ಅದನ್ನು ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ ಓದುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಹಾಗೆ ಓದಿಯೇ ಎಷ್ಟೋ ಕತೆಗಳ ನಡುಭಾಗವನ್ನು, ಯಾರದೋ ಹೊಲದ ಹರಾಜಿನ ನೋಟೀಸನ್ನು, ಒಂದು ಸಲವಂತೂ ಯಾರೋ ಮಾವ ತನ್ನ ಅಳಿಯನಿಗೆ ಬರೆದ ಬಯ್ಗುಳದ ಕಾಗದವನ್ನು ಓದಿದ್ದೇನೆ. ಆ ಅಳಿಯ ಏನು ಉತ್ತರ ಬರೆದನೋ ತಿಳಿಯಲೆಂದು ಮರುದಿನ ಮತ್ತೆ ಅದೇ ಅಂಗಡಿಗೆ ಹೋಗಿ ಬೇಡದ ಶೇಂಗಾ ಕೊಂಡು ತಂದದ್ದೂ ಉಂಟು. ಆ ದಿನ ಸಿಕ್ಕಿದ್ದು ಬೆಲ್ಲದ ಧಾರಣೆ.

ಮೊನ್ನೆ ಬಾಗಲಕೋಟೆಯ ಪೇಟೆಯಿಂದ ತಂದ ಶೇಂಗಾದ ಕಾಗದ ಇಂಗ್ಲಿಷಿನದು. ನನ್ನ ಇಂಗ್ಲಿಷು ಅಂಗಡಿಯ ಬೋರ್ಡಿನ ಮಟ್ಟದ್ದು. ಆದ್ದರಿಂದ ಯಜಮಾನರ ಮುಂದೆ ಹಿಡಿದೆ. ಅವರು ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನಿಕೆ ಮಾಡಿದವರು. ಎಂಥ ಕಾಗದ ಕೊಟ್ಟರೂ ಮೊದಲು ತಾರೀಖು ಹುಡುಕುತ್ತಾರೆ. ತಾರೀಖಿನ ಮೂಲೆಯೇ ಹರಿದಿತ್ತು. ಕನ್ನಡಕ ಏರಿಸಿ, ಇಳಿಸಿ, ಕಡೆಗೆ ಹೇಳಿದರು.

"ಇದು ವಿಮಾನದ ವೇಳಾಪತ್ರಿಕಿ. ಇಲ್ಲಿಂದ ಅಲ್ಲಿಗೆ ಎಷ್ಟು ಮೈಲು, ಎಷ್ಟು ತಾಸು ಅಂತ ಬರದಾರ. ನಾಕು ಸಾವಿರದ ಮ್ಯಾಲ ಮೈಲು. ಒಂಬತ್ತು ತಾಸು."

"ಎಲ್ಲಿಂದ ಎಲ್ಲಿಗೆ?"

"ಒಂದು ಊರಿನ ಹೆಸರು ನನಗ ಓದಾಕ ಬರವಲ್ದು. ಇನ್ನೊಂದು ಹರದು ಹೋಗೇತಿ."

"ನಡುವ ಎಲ್ಲೆಲ್ಲಿ ನಿಲ್ಲತೈತಿ?"

"ಎಲ್ಲೂ ನಿಲ್ಲೂದಿಲ್ಲ. ಏರಿದಲ್ಲಿ ಏರೂದು, ಇಳಿಯೂವಲ್ಲಿ ಇಳಿಯೂದು."

"ಹಂಗಾರ ಹಾದ್ಯಾಗ ಯಾರೂ ಏನೂ ಕೇಳೂದಿಲ್ಲೇನ್ರಿ?"

ಯಜಮಾನರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. ಮದುವೆಯಾದಾಗಿನಿಂದ ಅವರು ನನ್ನನ್ನು ಹೀಗೆ ನೋಡುತ್ತಲೇ ಬಂದಿದ್ದಾರೆ. ನಾನೂ ಇಂಥ ಪ್ರಶ್ನೆ ಕೇಳುತ್ತಲೇ ಬಂದಿದ್ದೇನೆ. ಆದರೆ ಈ ಸಲ ನನ್ನ ಪ್ರಶ್ನೆಗೆ ಅರ್ಥವಿತ್ತು. ನಾಲ್ಕು ಸಾವಿರ ಮೈಲು ದಾರಿಯಲ್ಲಿ ಒಬ್ಬ ಹೆಣ್ಣುಮಗಳೂ ಅಡ್ಡ ಬಂದು "ನಮ್ಮವ್ವ ಹೆಂಗದಾಳ?" ಎಂದು ಕೇಳದಿದ್ದರೆ ಅದೆಂಥ ಪ್ರಯಾಣ ಎಂದು ನನಗೆ ತಿಳಿಯಲಿಲ್ಲ. ನಾನು ಮಾಡಿದ ಮೊದಲನೆಯ ದೂರದ ಪ್ರಯಾಣ ಇಳಕಲ್ಲಿನಿಂದ ಬಾದಾಮಿಗೆ. ಅದಕ್ಕೆ ಎರಡು ಹಗಲು ಹಿಡಿದಿತ್ತು. ಅಷ್ಟರಲ್ಲಿ ಈ ವಿಮಾನ ಭೂಮಿಗೆ ಮುಕ್ಕಾಲು ಸುತ್ತು ಹಾಕುತ್ತದೆಂದು ಯಜಮಾನರು ಲೆಕ್ಕ ಹೇಳಿದರು. ಹಾಕಲಿ. ಅದಕ್ಕೆ ಎತ್ತುಗಳಿಗೆ ಮೇವು ಹಾಕುವುದಿಲ್ಲವಲ್ಲ.

ಈ ಶತಮಾನಕ್ಕೆ ಇನ್ನೂ ಹಾಲುಹಲ್ಲು ಇದ್ದ ಕಾಲ ಅದು. ನನಗೂ ಇದ್ದವು, ಮುಂದಿನ ಎರಡು ಮಾತ್ರ ಬಿದ್ದಿದ್ದವು. ಆಗ ನಮ್ಮ ಇಳಕಲ್ಲಿನಲ್ಲಿ ದೂರವನ್ನು ಅಳೆಯಲು ಒಬ್ಬೊಬ್ಬರ ಹತ್ತಿರ ಒಂದೊಂದು ಅಳತೆ. ನಮ್ಮ ಮುತ್ಯಾ, ಎಂದರೆ ತಂದೆಯ ತಂದೆ, ಹರದಾರಿ ಲೆಕ್ಕ ಹೇಳುತ್ತಿದ್ದ. ಮೂರು ಮೈಲಿಗೆ ಒಂದು ಹರದಾರಿ. ಸಾಲಿ ಮಾಸ್ತರರು ಸರಕಾರದ ಮೈಲುಗಲ್ಲನ್ನು ಬಿಟ್ಟು ಬೇರೆ ಯಾವುದನ್ನೂ ನಂಬುತ್ತಿರಲಿಲ್ಲ. ನಮ್ಮ ನೆರೆಮನೆಯ ಹುಸೇನಸಾಬ ಬಾಡಿಗೆಯ ಗಾಡಿ ಹೊಡೆಯುವವನು. ಅವನದು ಚುಟ್ಟಾದ ಅಳತೆ. ಹುನಗುಂದಕ್ಕೆ ಮೂರು ಚುಟ್ಟಾ, ಅಮೀನಗಡಕ್ಕೆ ಆರು. ಮಳೆಗಾಲದಲ್ಲಿ ಚುಟ್ಟಾ ಹೊತ್ತದ ಕಾರಣ ಊರುಗಳೂ ದೂರವಾಗುತ್ತಿದ್ದವು.

ಈ ಎಲ್ಲರನ್ನೂ ಮೀರಿಸಿದವಳು ನಮ್ಮ ಆಯಿ. ಮುತ್ಯಾನ ಹೆಂಡತಿ, ನಮ್ಮ ಮನೆಯ ನಿಜವಾದ ಯಜಮಾನಿ. ಆಯಿ ದೂರವನ್ನು ಬುತ್ತಿಯಿಂದ ಅಳೆಯುತ್ತಿದ್ದಳು. ಮುಂಜಾನೆ ಕಟ್ಟಿದ ಮೊಸರನ್ನ ಯಾವ ಊರು ಮುಟ್ಟುವತನಕ ಕೆಡುವುದಿಲ್ಲವೋ ಅದು ಅನ್ನದ ಹಾದಿ. ಅದರಾಚೆ ಹೋಳಿಗಿ ಹಾದಿ. ಅದಕ್ಕೂ ಆಚೆಗಿನದು ಕಟಕ ರೊಟ್ಟಿಯ ಹಾದಿ. ಕಟಕ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಕಾಶಿಗೂ ಒಯ್ಯಬಹುದು. ಆದ್ದರಿಂದ ಆಯಿಯ ಭೂಗೋಳದಲ್ಲಿ ಸೊಲ್ಲಾಪುರವೂ ಕಾಶಿಯೂ ಅಕ್ಕಪಕ್ಕದ ಊರುಗಳು. ಮಾಸ್ತರರ ಪಾಠಕ್ಕಿಂತ ನನಗೆ ಇದು ಬೇಗ ತಿಳಿಯುತ್ತಿತ್ತು. ಮುಂದೆ ನಾನೇ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರಣಿಯಾಗಿ ಭೂಗೋಳ ಹೇಳುವಾಗ ಈ ಅಳತೆ ಎಷ್ಟೋ ಸಲ ನಾಲಗೆಯ ತುದಿಗೆ ಬಂದಿದೆ. ಇನ್ಸ್‌ಪೆಕ್ಟರರ ಹೆದರಿಕೆಯಿಂದ ನುಂಗಿಕೊಂಡಿದ್ದೇನೆ.

ಆಯಿಯ ಅಳತೆ ಆಟದ್ದಲ್ಲ. ಅದರ ಮೇಲೆ ಅವಳದೊಂದು ಕಾಯಿದೆ ನಿಂತಿತ್ತು. ನಮ್ಮ ಮನೆಯ ಹೆಣ್ಣನ್ನು ಅನ್ನದ ಹಾದಿಯ ಆಚೆ ಕೊಡಬಾರದು. ತವರಿನ ಮೊಸರನ್ನ ಮಗಳ ಬಾಯಿಗೆ ಮುಟ್ಟುವತನಕ ಕೆಡಬಾರದು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆಯಿಯ ತವರು ಕೆರೂರು. ಅಲ್ಲಿಂದ ಇಳಕಲ್ಲಿಗೆ ಗಾಡಿಯಲ್ಲಿ ಮೂರು ದಿನ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅವಳವ್ವ ಯಾರದೋ ಗಾಡಿಯಲ್ಲಿ ಬುತ್ತಿ ಕಳಿಸಿದ್ದಳಂತೆ. ಬಿಚ್ಚಿದರೆ ಹಳಸಿತ್ತು. ಆಯಿಯ ಅತ್ತೆ ಮೂಗು ಮುಚ್ಚಿಕೊಂಡು, ಸೊಸೆಯ ಕಣ್ಣೆದುರಿಗೇ, ಅದನ್ನು ಎಮ್ಮೆಯ ಮುಸುರೆ ಬಾನಿಗೆ ಸುರಿದಳಂತೆ. ಆಯಿಗೆ ಆಗ ಹನ್ನೆರಡು ವರ್ಷ. "ಎಮ್ಮಿ ತಿಂತವಾ, ನಾ ನೋಡಕೋತ ನಿಂತೆ," ಎಂದು ಒಮ್ಮೆ ಮಾತ್ರ ನನ್ನ ಮುಂದೆ ಹೇಳಿದ್ದಳು.

ಹೀಗಿರುವಾಗ ಬಾದಾಮಿಯಿಂದ ನಮ್ಮ ನೀಲತ್ತಿಯ ಮದುವೆಗೆ ಒಂದು ಮಾತು ಬಂತು.

ನೀಲತ್ತಿ ನನ್ನ ತಂದೆಯ ಎಲ್ಲರಿಗಿಂತ ಚಿಕ್ಕ ತಂಗಿ. ಹದಿನಾರು ತುಂಬಿತ್ತು, ಆ ಕಾಲಕ್ಕೆ ಅದು ಓಣಿಯ ಬಾಯಿಗೆ ಕೆಲಸ ಕೊಡುವ ವಯಸ್ಸು. ನಮ್ಮದು ನೇಕಾರರ ಮನೆ. ಇಳಕಲ್ಲ ಸೀರೆಯ ಮೈಯ ಹಾಸು, ಎಂದರೆ ಉದ್ದನೆಯ ಎಳೆ, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸದಲ್ಲಿ ನೀಲತ್ತಿಯನ್ನು ಸರಿಗಟ್ಟುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಬಾದಾಮಿಯಲ್ಲಿ ಅರಿವೆ ಅಂಗಡಿ ಇಟ್ಟವರೊಬ್ಬರು ಸೀರೆ ಕೊಳ್ಳಲು ಬಂದಾಗ ಅವರ ಮಗನೂ ಜೊತೆಗಿದ್ದ. ಅವನು ಒಂದು ಸೀರೆಯ ಮೇಲೆ ಬಹಳ ಹೊತ್ತು ಕೈಯಾಡಿಸಿ, "ಸೆರಗು ಎಲ್ಲಿ ಕೂಡೇತಿ ಅನ್ನೂದು ಬೆರಳಿಗೆ ಹತ್ತವಲ್ದು. ಯಾರು ಕೂಡಿಸ್ಯಾರ್ರಿ?" ಎಂದು ಕೇಳಿದ.

"ಮನ್ಯಾಗಿನ ಮಂದಿ," ಎಂದ ಮುತ್ಯಾ.

ಬಾಗಿಲ ಹಿಂದೆ ನೀಲತ್ತಿ ನಿಂತಿದ್ದಳು. ಅವಳ ಪಕ್ಕದಲ್ಲಿ ನಾನಿದ್ದೆ. ಅವಳು ಅವನನ್ನು ನೋಡಿದಳೋ ಇಲ್ಲವೋ ತಿಳಿಯದು. ಅವನ ಕೈ ಸೀರೆಯ ಮೇಲೆ ಓಡಾಡುವುದನ್ನಂತೂ ನೋಡಿದಳು. ತಿಂಗಳೊಪ್ಪತ್ತಿನಲ್ಲಿ ಆ ಮನೆಯಿಂದ ಹೆಣ್ಣು ಕೇಳಿ ಹೇಳಿಕಳಿಸಿದರು. ಮುತ್ಯಾ ಹೋಗಿ ಮನೆ ನೋಡಿ ಬಂದ, ಒಪ್ಪಿದ. ಆಯಿ ಒಪ್ಪಲಿಲ್ಲ.

"ಬಾದಾಮಿ ಅನ್ನದ ಹಾದಿ ಅಲ್ಲ," ಎಂದಳು.

"ಈಗ ರೈಲ ಐತಿ," ಎಂದ ಮುತ್ಯಾ. "ಬಾಗಲಕೋಟ್ಯಾಗ ಹತ್ತಿ ಎಲಿ-ಅಡಿಕಿ ಹಾಕ್ಕೊಂಡು ಉಗುಳೂದ್ರಾಗ ಬಾದಾಮಿ."

"ಬಾಗಲಕೋಟಿ ತನಕ ಯಾರು ಒಯ್ಯತಾರ? ನಿಮ್ಮ ರೈಲ ನಮ್ಮ ಕಟ್ಟಿತನಕ ಬರತೈತೇನು?"

ಮೂರು ದಿನ ಮನೆಯಲ್ಲಿ ಇದೇ ಮಾತು. ನೀಲತ್ತಿಯನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿ ಇರಲಿಲ್ಲ. ಕೇಳಿದ್ದರೆ ಹೇಳುವ ಪದ್ಧತಿಯೂ ಇರಲಿಲ್ಲ. ಅವಳು ಮಗ್ಗದ ಮುಂದೆ ಕುಳಿತು ಕೊಂಡಿ ಹಾಕುತ್ತಿದ್ದಳು. ನಾನು ಏನಾದರೂ ಕೇಳಿದರೆ ಉತ್ತರ ತಡವಾಗಿ ಬರುತ್ತಿತ್ತು. ನಾಲ್ಕನೆಯ ದಿನ ಆಯಿ ತೀರ್ಪು ಕೊಟ್ಟಳು.

"ಬುತ್ತಿ ಕಟ್ಟಕೊಂಡು ನಾನ ಹೋಗಿ ಬರ್ತೇನಿ. ಅವರ ಮನಿ ಮುಟ್ಟಿದ ಮ್ಯಾಲ ಬಿಚ್ಚತೇನಿ. ಕೆಡದಿದ್ರ ಕೊಡೂಣು. ಕೆಟ್ಟಿದ್ರ ಆ ಊರಿನ ಹೆಸರು ಈ ಮನ್ಯಾಗ ಎತ್ತಬಾರ್ದು."

ಮುತ್ಯಾ, "ಆತು," ಎಂದ. ಜಗತ್ತಿನಲ್ಲಿ ಹೆಣ್ಣು ಕೊಡುವ ಮುಂಚೆ ಜಾತಕ ನೋಡುವವರಿದ್ದಾರೆ, ಹೊಲ-ಮನೆ ನೋಡುವವರಿದ್ದಾರೆ. ಒಂದು ಗಡಿಗಿ ಮೊಸರನ್ನವನ್ನು ಪರೀಕ್ಷೆಗೆ ಕೂಡಿಸಿದವರು ನಾವೊಬ್ಬರೇ ಇರಬೇಕು.

ಬುತ್ತಿ ಕಟ್ಟುವ ಕೆಲಸ ಎಂದಿನಂತೆ ನೀಲತ್ತಿಯದು. ಅವಳು ಕುಂಬಾರರ ಮನೆಯಿಂದ ಹೊಸ ಗಡಿಗಿ ತಂದು ಎರಡು ದಿನ ನೀರಿನಲ್ಲಿ ನೆನೆಹಾಕಿದಳು. ಅನ್ನವನ್ನು ಮೆತ್ತಗೆ ಮಾಡಿ, ಪರಾತದಲ್ಲಿ ಹರವಿ, ಪೂರ್ತಿ ಆರಿಸಿದಳು. ಮೊಸರು ಹಾಕಲಿಲ್ಲ, ಕಾಸಿ ಆರಿಸಿದ ಹಾಲು ಹಾಕಿ, ಅದಕ್ಕೆ ಒಂದೇ ಚಮಚೆ ಮೊಸರು ಬೆರೆಸಿದಳು, ದಾರಿಯಲ್ಲಿ ತಾನೇ ಹೆಪ್ಪಾಗಲೆಂದು. ಹಸಿಶುಂಠಿ ಜಜ್ಜಿ ಹಾಕಿದಳು. ಉಪ್ಪನ್ನು ಬೇರೆ ಪುಡಿಕೆ ಕಟ್ಟಿದಳು. ಗಡಿಗಿಯ ಸುತ್ತ ಒದ್ದೆ ಅರಿವೆ ಸುತ್ತಿದಳು. ಇದೆಲ್ಲ ಮುಗಿಸಿ ನನ್ನನ್ನು ಹಿತ್ತಲಿಗೆ ಕರೆದಳು. ಆಯಿಯ ಜೊತೆಗೆ ಹೋಗುವವಳು ನಾನು; ಗಾಡಿಯಲ್ಲಿ ಗಡಿಗಿಯ ಪಕ್ಕ ಕೂಡುವವಳೂ ನಾನೇ.

"ಗಂಗಾ, ಈ ಅರಿವಿ ಒಣಗಗೊಡಬ್ಯಾಡ. ನೀರು ಕಂಡಲ್ಲೆಲ್ಲ ಹೊಡಿ," ಎಂದಳು. ಕಿವಿಯಲ್ಲಿ ಇನ್ನೊಂದು ಮಾತನ್ನೂ ಹೇಳಿದಳು. ಅದು ನನಗೆ ಆಗ ಅರ್ಥವಾಗಲಿಲ್ಲ; ಮುಂದೆ ಹೇಳುತ್ತೇನೆ.

ಕೋಳಿ ಕೂಗುವ ಹೊತ್ತಿಗೆ ಹುಸೇನಸಾಬ ಗಾಡಿ ಹೂಡಿದ. ಮಾಘ ಮುಗಿಯುತ್ತ ಬಂದಿತ್ತು. ಮುಂಜಾನೆ ಚಳಿ, ಮಧ್ಯಾಹ್ನ ಚುರುಗುಟ್ಟುವ ಬಿಸಿಲು. ಅವನ ಲೆಕ್ಕ ಹೀಗಿತ್ತು: ಮೊದಲ ದಿನ ಅಮೀನಗಡದಲ್ಲಿ ವಸತಿ, ಮರುದಿನ ಮಧ್ಯಾಹ್ನದ ರೈಲು ಬಾಗಲಕೋಟೆಯಲ್ಲಿ, ಬಿಸಿಲು ಇಳಿಯುವುದರೊಳಗೆ ಬಾದಾಮಿ. ಅಷ್ಟಾದರೆ ಬುತ್ತಿ ಬದುಕುತ್ತಿತ್ತು.

ಆದರೆ ಹುಸೇನಸಾಬನ ಎತ್ತುಗಳ ಕೊರಳ ಗಂಟೆ ನಾಲ್ಕೂರಿಗೆ ಗೊತ್ತು. ಆ ಸಪ್ಪಳ ಕೇಳಿದರೆ ಇಳಕಲ್ಲಿನ ಗಾಡಿ ಬಂತೆಂದೇ ಅರ್ಥ. ಆ ಹಾದಿಯ ಒಂದೊಂದು ಊರಿನಲ್ಲಿಯೂ ನಮ್ಮೂರಿನಿಂದ ಕೊಟ್ಟ ಹೆಣ್ಣುಮಕ್ಕಳು ಇದ್ದರು. ತವರಿನ ಕಡೆಯ ಗಾಡಿಯನ್ನು ನಿಲ್ಲಿಸಿ ನಾಲ್ಕು ಮಾತು ಕೇಳುವುದು ಅವರ ಹಕ್ಕು. ನಿಲ್ಲಿಸದೆ ಹೋಗುವ ಗಾಡಿಯವನಿಗೆ ಆ ಊರಿನಲ್ಲಿ ನೀರು ಸಿಕ್ಕುವುದಿಲ್ಲ. ಹುನಗುಂದದಲ್ಲಿ ಒಬ್ಬಳು ಸೆಗಣಿಯ ಕೈಯಲ್ಲೇ ಓಡಿಬಂದಳು.

"ಹುಸೇನಣ್ಣ, ನಿಲ್ಲಸೋ ಗಾಡಿ. ಆಯಿ, ನಮ್ಮವ್ವಗ ಕಣ್ಣು ಕಾಣತಾವೇನ್ರಿ ಈಗ?"

"ಕಾಣತಾವವಾ. ಮೊನ್ನಿ ಸೂಜ್ಯಾಗ ದಾರ ಪೋಣಿಸಿದ್ಲು," ಎಂದಳು ಆಯಿ. ಪೋಣಿಸಿದ್ದು ನಾನು. ಆ ಮುದುಕಿ ದಾರ ಹಿಡಿದು ನಮ್ಮ ಕಟ್ಟೆಗೆ ಬಂದಿದ್ದಳು.

ಅಮೀನಗಡ ಮುಟ್ಟುವುದರೊಳಗೆ ಗಾಡಿ ಐದು ಸಲ ನಿಂತಿತು. ಮರುದಿನ ಮುಂಜಾನೆ ಹೊರಟರೂ ಅದೇ ಕತೆ. ಮಲಪ್ರಭೆಯಲ್ಲಿ ಎತ್ತುಗಳು ನೀರಿಗಿಳಿದಾಗ ನಾನೂ ಇಳಿದು ಗಡಿಗಿಯ ಅರಿವೆಯನ್ನು ತೊಯಿಸಿದೆ. ಅಲ್ಲಿಯತನಕ ನನ್ನಷ್ಟು ನಿಷ್ಠೆಯ ಕಾವಲುಗಾರ್ತಿ ಯಾವ ಕೋಟೆಗೂ ಇದ್ದಿರಲಿಕ್ಕಿಲ್ಲ. ಕಮತಗಿಯಲ್ಲಿ ಒಬ್ಬ ನಡುವಯಸ್ಸಿನವಳು ಗಾಡಿಯ ಕೀಲು ಹಿಡಿದು ನಿಂತಳು. ಅವಳ ತಂದೆತಾಯಿ ತೀರಿಹೋಗಿದ್ದರು, ಮನೆಯಲ್ಲಿ ದಾಯಾದಿಗಳಿದ್ದರು. ಕೇಳಲು ಅವಳ ಹತ್ತಿರ ಹೆಚ್ಚೇನೂ ಇರಲಿಲ್ಲ.

"ನಮ್ಮ ಮನಿ ಮುಂದಿನ ಬೇವಿನ ಗಿಡ ಚಿಗತೈತೇನ್ರಿ?" ಎಂದು ಕೇಳಿದಳು.

"ಚಿಗತೈತವಾ. ಈ ವರ್ಷ ಭಾಳ ಚಿಗತೈತಿ," ಎಂದಳು ಆಯಿ.

ಗಾಡಿ ಮುಂದೆ ಹೋದ ಮೇಲೆ ನಾನು, "ಆಯಿ, ಆ ಗಿಡಾ ಹ್ವಾದ ವರ್ಷನ ಕಡದಾರಲ್ಲ," ಎಂದೆ. ಆಯಿ ನನ್ನ ತೊಡೆಗೆ ಚಿವುಟಿ, "ಸುಮ್ಮ ಕುಂಡ್ರು," ಎಂದಳು. ಬಹಳ ಹೊತ್ತು ತಿರುಗಿ ಆ ಊರಿನ ಕಡೆಗೇ ನೋಡುತ್ತಿದ್ದಳು.

ಹೀಗೆ ನಿಂತು ನಿಂತು ನಾವು ಬಾಗಲಕೋಟೆಯ ಸ್ಟೇಷನ್ನು ಮುಟ್ಟಿದಾಗ ಮಧ್ಯಾಹ್ನದ ರೈಲು ಹೋಗಿತ್ತು. ಅದರ ಹೊಗೆ ಮಾತ್ರ ಇನ್ನೂ ಇತ್ತು. ಹುಸೇನಸಾಬ ತನ್ನದೇ ತಪ್ಪೆಂಬಂತೆ ತಲೆಗೆ ಸುತ್ತಿದ ಅರಿವೆ ಬಿಚ್ಚಿ ಮುಖ ಒರೆಸಿಕೊಂಡ.

"ಇನ್ನ ಸಂಜೀ ರೈಲ ಅಂತ ಯಕ್ಕಾ. ಬುತ್ತಿ ಕೆಡತೈತೇನ?"

"ಕೆಟ್ಟರ ಕೆಡಲಿ. ನಾ ಏನ್ ಕೆಡಸೇನೇನು?" ಎಂದಳು ಆಯಿ. ಅವಳ ಮುಖದಲ್ಲಿ ಬೇಸರ ಕಾಣಲಿಲ್ಲ. ಮಗಳು ಮನೆಯಲ್ಲಿ ಉಳಿದಳೆಂಬ ಸಮಾಧಾನವೇ ಇತ್ತೇನೋ.

ಇನ್ನು ನನ್ನ ಪಾಪ ಹೇಳಬೇಕು. ಹುಸೇನಸಾಬ ಎತ್ತುಗಳನ್ನು ಪರಿಚಯದವರ ಮನೆಯಲ್ಲಿ ಕಟ್ಟಿ ಬರಲು ಹೋದ. ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾನು ಸ್ಟೇಷನ್ನು ನೋಡಿದೆ. ಚೀಲ ತೂಗುವ ದೊಡ್ಡ ತಕ್ಕಡಿಯ ಮೇಲೆ ಹಮಾಲನೊಬ್ಬ ನನ್ನನ್ನು ನಿಲ್ಲಿಸಿ ತೂಗಿದ. "ಕಾಲು ಚೀಲ ಜ್ವಾಳ," ಎಂದು ನಕ್ಕ. ತೂಗುಹಾಕಿದ್ದ ಕಬ್ಬಿಣದ ತುಂಡನ್ನು ಬಾರಿಸಿದರೆ ಅದೇ ಗಂಟೆ. ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಏನೋ ಒಂದು ತಾನೇ ಕಟಕಟ ಎನ್ನುತ್ತಿತ್ತು. ಮೂರು ತಾಸು ಹೇಗೆ ಹೋದವೋ ತಿಳಿಯಲಿಲ್ಲ. ನೀರಿನ ನಳ ಗಡಿಗಿಯಿಂದ ಹತ್ತು ಹೆಜ್ಜೆಯ ಮೇಲಿತ್ತು. ಅರಿವೆಗೆ ನೀರು ಹೊಡೆಯಬೇಕೆಂಬುದು ನನಗೆ ನೆನಪಾದದ್ದು ರೈಲು ಹತ್ತಿ, ಬಾಗಲಕೋಟೆ ಹಿಂದೆ ಬಿದ್ದ ಮೇಲೆ. ಮುಟ್ಟಿ ನೋಡಿದೆ. ಬಿಸಿಲಿಗಿಟ್ಟ ಹಪ್ಪಳದಂತೆ ಒಣಗಿತ್ತು.

ಆಮೇಲೆ ರೈಲಿನ ಸುಖ ನನಗೆ ಸಿಕ್ಕಲಿಲ್ಲ. ಅರಿವೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತ ಕುಳಿತೆ. ಹುಸೇನಸಾಬ ಮಾತ್ರ ಕಿಟಕಿಯ ಕಂಬಿ ಹಿಡಿದು ಬಹಳ ಗಂಭೀರವಾಗಿ ಕುಳಿತಿದ್ದ. ರೈಲು ದಿನ್ನೆ ಏರಿ ನಿಧಾನವಾದಾಗಲೆಲ್ಲ ನಾಲಗೆಯಿಂದ ಚಕ್‌ಚಕ್ ಎಂದು ಎತ್ತುಗಳಿಗೆ ಮಾಡುವ ಸಪ್ಪಳ ಮಾಡುತ್ತಿದ್ದ. ರೈಲು ಜೋರಾದರೆ ತನ್ನಿಂದಲೇ ಎಂಬ ಸಮಾಧಾನ.

ಬಾದಾಮಿ ಸ್ಟೇಷನ್ನಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ನಾವು ಬರುವುದನ್ನು ಮುತ್ಯಾ ಮೊದಲೇ ಹೇಳಿಕಳಿಸಿದ್ದ; ಸೀರೆಯ ಮೇಲೆ ಕೈಯಾಡಿಸಿದ್ದ ಆ ಹುಡುಗ ಗಾಡಿ ತಂದು ಕಾಯುತ್ತಿದ್ದ.

"ಮಧ್ಯಾಹ್ನದ ರೈಲಿಗೂ ಬಂದಿದ್ರೇನು?" ಎಂದು ಹುಸೇನಸಾಬ ಕೇಳಿದ.

"ಬಂದಿದ್ದೇನ್ರಿ. ನೀವು ಕಾಣಲಿಲ್ಲ, ಅದಕ್ಕ ಇಲ್ಲೇ ಕುಂತೆ."

"ಊಟ?"

"ಆಗತೈತಿ ಬಿಡ್ರಿ."

ಊರು ಸ್ಟೇಷನ್ನಿನಿಂದ ಒಂದು ಹರದಾರಿಯಷ್ಟು ದೂರ. ದಾರಿಯುದ್ದಕ್ಕೂ ಆಯಿ ಅವನ ಬೆನ್ನು ನೋಡುತ್ತ ಕುಳಿತಿದ್ದಳು. ಊರೊಳಗೆ ಬಂದಮೇಲೆ ಹುಸೇನಸಾಬ ಇಳಿದು, ಅಲ್ಲೇ ಇದ್ದ ತನ್ನ ತಂಗಿಯ ಮನೆಗೆ ಹೋದ.

ಹುಡುಗನ ತಾಯಿಯ ಹೆಸರು ಸಂಗವ್ವ. ದುಂಡಗಿನ ಹೆಂಗಸು, ಹಣೆಯ ತುಂಬ ವಿಭೂತಿ. ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಊಟಕ್ಕೆ ಏಳಿರೆಂದಳು.

"ಮಾತು ಮುಗಿಯೂತನಕ ನಿಮ್ಮ ಮನಿ ಅನ್ನ ನಾವು ಉಣ್ಣೂ ಹಂಗಿಲ್ಲ ತಂಗಿ. ಬುತ್ತಿ ತಂದೇವಿ," ಎಂದಳು ಆಯಿ. ಹಾಗೊಂದು ರೂಢಿ ನಮ್ಮಲ್ಲಿ ಇತ್ತು. ಸಂಗವ್ವ ತಪ್ಪು ತಿಳಿಯಲಿಲ್ಲ. ಎಲೆ ಹಾಕಿ, ದೀಪವನ್ನು ಹತ್ತಿರಕ್ಕೆ ಸರಿಸಿ, ಎದುರಿಗೇ ಕುಳಿತಳು.

ಆಯಿ ಗಡಿಗಿಯ ಅರಿವೆ ಬಿಚ್ಚಿದಳು. ಮುಚ್ಚಳ ತೆಗೆದಳು. ಅನ್ನ ಬುರುಗೆದ್ದಿತ್ತು. ಆ ವಾಸನೆ ದೀಪಕ್ಕಿಂತ ಬೇಗ ಕೋಣೆಯ ತುಂಬ ಹರಡಿತು. ಮುಗಿಯಿತು, ನೀಲತ್ತಿಯ ಮದುವೆ ನಾನು ತಕ್ಕಡಿ ಏರಿದ್ದರಿಂದ ಕೆಟ್ಟಿತು ಎಂದುಕೊಂಡೆ. ಆಯಿ ಬುತ್ತಿಯನ್ನು ನೋಡಲಿಲ್ಲ. ಅವಳು ಸಂಗವ್ವನ ಮುಖ ನೋಡುತ್ತಿದ್ದಳು. ಆ ಮೂಗು ಸಿಂಡರಿಸುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.

ಸಂಗವ್ವ ಕೈ ಚಾಚಿದಳು.

"ನನಗೂ ಒಂದು ತುತ್ತು ಹಾಕ್ರಿ ಅಕ್ಕಾರ. ಇಳ್ಕಲ್ಲಿನಿಂದ ಬಂದ ಬುತ್ತಿ."

"ಬ್ಯಾಡ ತಂಗಿ. ಎರಡು ದಿನದ್ದದು."

"ಎರಡು ದಿನಾ ಹೊತಗೊಂಡು ಬಂದೀರಿ. ನಾ ಒಂದು ತುತ್ತು ಉಣ್ಣಬಾರದೇನು?"

ಆಯಿ ಹಾಕಲಿಲ್ಲ. ಸಂಗವ್ವನೇ ಗಡಿಗಿಯಲ್ಲಿ ಕೈ ಇಟ್ಟು ಒಂದು ತುತ್ತು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅವಳ ಎಡಗಣ್ಣು ಮಾತ್ರ ತನ್ನಷ್ಟಕ್ಕೆ ಒಂದು ಸಲ ಮುಚ್ಚಿ ತೆರೆಯಿತು. ನುಂಗಿದಳು.

"ಚೊಲೋ ಐತಿ," ಎಂದಳು. "ನಮ್ಮ ಮನ್ಯಾಗ ಎಲ್ಲಾರೂ ಹುಳಿ ಉಣ್ಣಾವ್ರ."

ಆಗ ನನಗೆ ತಡೆಯಲಾಗಲಿಲ್ಲ. ಗೊಳೋ ಎಂದು ಅತ್ತೆ. "ಆಯಿ, ನಾ ನೀರು ಹೊಡಿಯೂದು ಮರತೆ. ನೀಲತ್ತಿ ಸಾವಿರ ಸಲ ಹೇಳಿದ್ಲು, ನಾ ಮರತೆ."

"ಏನಂತ ಹೇಳಿದ್ಲು?"

"ಅರಿವಿ ಒಣಗಗೊಡಬ್ಯಾಡ ಗಂಗಾ, ಅದು ಒಣಗಿದ್ರ ನಾ ಇಲ್ಲೇ ಉಳೀತೇನಿ ಅಂದ್ಲು."

ಕಿವಿಯಲ್ಲಿ ಹೇಳಿದ ಮಾತು ಇದೇ. ಹಿತ್ತಲಿನಲ್ಲಿ ಕೇಳಿದಾಗ ನನಗೆ ಇದೊಂದು ಆಟದ ಮಾತಿನಂತೆ ಕಂಡಿತ್ತು. ಇಲ್ಲೇ ಉಳಿದರೆ ಒಳ್ಳೆಯದೇ ಅಲ್ಲವೇ, ನನ್ನ ಜೊತೆಗೆ ಇರುತ್ತಾಳೆ ಎಂದುಕೊಂಡಿದ್ದೆ. ಆಯಿಗೆ ಹಾಗೆ ಕಾಣಲಿಲ್ಲ. ಅವಳು ಗಡಿಗಿಯನ್ನು ದೀಪದ ಹತ್ತಿರ ಎಳೆದುಕೊಂಡಳು. ಬೇರೆ ಕಟ್ಟಿದ್ದ ಉಪ್ಪಿನ ಪುಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಶುಂಠಿಯ ಎಳೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಹದಿನಾರು ವರ್ಷ ಸಾಕಿದ ಮಗಳ ಮನಸ್ಸು ಅವಳಿಗೆ ಬಾದಾಮಿಯಲ್ಲಿ, ಬೇರೆಯವರ ಮನೆಯಲ್ಲಿ, ಒಂದು ಹಳಸಿದ ಬುತ್ತಿಯೊಳಗೆ ಸಿಕ್ಕಿತು. ಆಯಿಯ ಕಣ್ಣು ತುಂಬಿದವು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಮೇಲೆ ಉಪ್ಪು ಕಲಸಿದಳು. ತನ್ನ ಎಲೆಗೆ ಹಾಕಿಕೊಂಡಳು. ಉಂಡಳು. ಒಂದು ತುತ್ತು, ಎರಡು ತುತ್ತು, ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಕೆಟ್ಟಿಲ್ಲ," ಎಂದಳು. "ನೀನೂ ಉಣ್ಣು."

ನಾನೂ ಉಂಡೆ. ಮುಂದಿನ ಎರಡು ಹಲ್ಲಿಲ್ಲದ್ದು ಒಳ್ಳೆಯದಾಯಿತು, ಅಗಿಯದೆ ನುಂಗಿದೆ. ಕಣ್ಣಲ್ಲಿ ನೀರು ಬಂದರೂ ಅಳುವಿನ ಲೆಕ್ಕದಲ್ಲಿ ಹೋಯಿತು. "ಕೆಟ್ಟಿಲ್ಲ," ಎಂದೆ. ಸಂಗವ್ವ ಮಗನಿಗೂ ಒಂದು ಬಟ್ಟಲು ಹಾಕಿ ಪಡಸಾಲೆಗೆ ಕಳಿಸಿದಳು. ಅವನು ಮುಂಜಾನೆಯಿಂದ ಉಂಡಿರಲಿಲ್ಲ. ಖಾಲಿ ಬಟ್ಟಲು ತಿರುಗಿ ಬಂತು. ಹಸಿವಿನಿಂದ ಉಂಡನೋ, ತಿಳಿದು ಉಂಡನೋ, ನೀಲತ್ತಿ ಮುಂದೆ ಎಷ್ಟೋ ವರ್ಷ ಅವನನ್ನು ಇದೇ ಪ್ರಶ್ನೆ ಕೇಳಿ ಕಾಡಿದಳಂತೆ. ಗಡಿಗಿಯ ತಳದಲ್ಲಿ ಒಂದು ಅಗುಳೂ ಉಳಿಯದಂತೆ ಆ ಇಬ್ಬರು ಹೆಂಗಸರು ಉಂಡು ಮುಗಿಸಿದರು. ಆಮೇಲೆ ಸಂಗವ್ವ ಸಕ್ಕರೆ ತಂದು ಆಯಿಯ ಬಾಯಿಗೆ ಹಾಕಿದಳು. ಮದುವೆ ಗಟ್ಟಿಯಾಯಿತು.

ತಿರುಗಿ ಬರುವಾಗಿನ ಪ್ರಯಾಣವನ್ನು ವಿಸ್ತಾರವಾಗಿ ಹೇಳುವುದು ಸಭ್ಯತೆಯಲ್ಲ. ಗಾಡಿ ಹೋಗುವಾಗಿನದಕ್ಕಿಂತ ಹೆಚ್ಚು ಸಲ ನಿಂತಿತು. ಯಾವ ಹೆಣ್ಣುಮಗಳೂ ಅಡ್ಡ ಬಂದಿರಲಿಲ್ಲ. ಆಯಿ ಪ್ರತಿ ಸಲವೂ ತಂಬಿಗೆ ಹಿಡಿದು ಇಳಿಯುತ್ತಿದ್ದಳು, ಅವಳ ಹಿಂದೆ ನಾನು.

"ಬುತ್ತಿ ಹೆಂಗಿತ್ತ ಯಕ್ಕಾ?" ಎಂದು ಹುಸೇನಸಾಬ ಮುಖ ಆಚೆ ತಿರುಗಿಸಿಕೊಂಡೇ ಕೇಳಿದ.

"ಕೆಟ್ಟಿರಲಿಲ್ಲ."

"ಹೌದ ಬಿಡು," ಎಂದು ಅವನು ಚುಟ್ಟಾ ಹೊತ್ತಿಸಿದ. ಮತ್ತೊಂದು ಸಲ ಗಾಡಿ ನಿಲ್ಲಿಸಲು ನಾವು ಹೇಳುವ ಮೊದಲೇ ತಾನೇ ಒಂದು ಗಿಡದ ಮರೆ ನೋಡಿ ನಿಲ್ಲಿಸಿದ.

ಮನೆ ಮುಟ್ಟಿದಾಗ ಇಳಿಹೊತ್ತು. ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದ. ನೀಲತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಕಂಕುಳಲ್ಲಿದ್ದ ಖಾಲಿ ಗಡಿಗಿಯನ್ನೇ ನೋಡುತ್ತಿದ್ದಳು. ನಾನು ಆಯಿಯ ಸೆರಗಿನ ಹಿಂದೆ ಅಡಗಿಕೊಂಡೆ.

"ಬಾದಾಮಿ ಏನ್ ದೂರಿಲ್ಲವಾ," ಎಂದಳು ಆಯಿ, ಮಗಳಿಗೆ ಹೇಳಿದಂತೆಯೂ ಮುತ್ಯಾನಿಗೆ ಹೇಳಿದಂತೆಯೂ. "ಬುತ್ತಿ ಈಗ ಕಟ್ಟಿದಂಗ ಇತ್ತು. ಆ ಹೆಣ್ಣುಮಗಳು ತಾನೂ ಕೇಳಿ ಉಂಡ್ಲು."

ನೀಲತ್ತಿ ನನ್ನ ಕೈಯಿಂದ ಗಡಿಗಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಆ ಸಣ್ಣ ಗಡಿಗಿಯನ್ನು ತೊಳೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಬಂದು ಮಗ್ಗದ ಮುಂದೆ ಕುಳಿತಳು. ಅವಳು ಕೆಲಸ ಮಾಡುತ್ತ ಸಣ್ಣಗೆ ಹಾಡಿಕೊಳ್ಳುವುದನ್ನು ನಾವು ಒಂದು ವಾರಕ್ಕೂ ಹೆಚ್ಚು ದಿನಗಳಾದ ಮೇಲೆ ಆ ಸಂಜೆ ಮತ್ತೆ ಕೇಳಿದೆವು.

ಆಯಿ ನಡುಮನೆಯಲ್ಲಿ ಚಾಪೆಯ ಮೇಲೆ ಅಡ್ಡಾದಳು. ನಾನು ಹೊಟ್ಟೆಗೆಂದು ಅಜವಾನ ತಂದುಕೊಟ್ಟು, ಕಾಲು ಒತ್ತುತ್ತ ಕುಳಿತೆ. ಎರಡು ದಿನ ಗಾಡಿಯಲ್ಲಿ ಕುಳಿತು ನನ್ನ ಮೈ ಇನ್ನೂ ಅಲುಗಾಡುತ್ತಿತ್ತು. ಕಡೆಗೆ ಕೇಳಿಯೇಬಿಟ್ಟೆ.

"ಆಯಿ, ಬಾದಾಮಿ ಖರೇನ ಹತ್ತರ ಐತೇನ?"

ಆಯಿ ಒಳಗಿನ ಹಾಡನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಭಾಳ ದೂರೈತಿ ಗಂಗಾ," ಎಂದಳು. "ಆಕೀಗೆ ಹೇಳಬ್ಯಾಡ."